ಬೂದಿಗೆ ಹಾಕಿದ ಟಿಕ್

ಮಾರ್ಚ್ 3, ಭಾನುವಾರ

ಮದುವೆಯಾಗಿ ಆರು ವಾರ! ಫ್ರಿಡ್ಜ್ ಮೇಲಿನ ನಮ್ಮ ಚಾರ್ಟ್ ಎಷ್ಟು ಕ್ಯೂಟ್ — ಅಡುಗೆ: ನಾನು. ಬಾಲ್ಕನಿಯ ಇದ್ದಿಲ ಒಲೆಯ ಬೂದಿ ವಾರಕ್ಕೊಮ್ಮೆ ತೆಗೆಯುವುದು: ನಮ್ಮ ರಾಯರು. ಐದು ವಾರ, ಐದು ಟಿಕ್. ಒಂದರ ಪಕ್ಕ ಹಾರ್ಟ್ ಬೇರೆ. ಇಂಥ ಗಂಡ ಯಾರಿಗುಂಟು! ಇವತ್ತು ಅವರ ಅಕ್ಕ ಊಟಕ್ಕೆ. ಬಾಲ್ಕನಿಯಲ್ಲಿ ಕೋಳಿ ಸುಡುವುದು ನಾನೇ.

ಅದೇ ದಿನ, ಸಂಜೆ 5

ಅವಮಾನ. ಬರೀ ಹೊಗೆ. ಇದ್ದಿಲು ಹತ್ತಲೇ ಇಲ್ಲ. ಬೀಸಿ ಬೀಸಿ ಕೈ ಬಿದ್ದುಹೋಯಿತು. ಕೋಳಿ ಒಳಗೆಲ್ಲ ಹಸಿ. ಅಕ್ಕ ತಟ್ಟೆ ದೂಡಿ, "ಇರ್ಲಿ ಬಿಡಮ್ಮ, ಕೈಗುಣಾನ ಕಾಲೇಜಲ್ಲಿ ಹೇಳ್ಕೊಡಲ್ಲ" ಎಂದರು. ರಾಯರು? ನೆಲ ನೋಡುತ್ತ ಬ್ರೆಡ್ ಜಗಿದರು.

ಮಾರ್ಚ್ 9

ಐದು ದಿನ ಬರೆಯಲಿಲ್ಲ. ಅಳುವುದರಲ್ಲೇ ಬಿಜಿ.

ಇವತ್ತು ಒಲೆಯ ಜಾಲರಿ ಎತ್ತಿದೆ. ಅಯ್ಯೋ! ಕೆಳಗಿನ ತಟ್ಟೆ ತುಂಬಿ ಬೂದಿ ಜಾಲರಿಗೇ ತಾಗಿದೆ. ಗಾಳಿ ಹೋಗುವ ಮೂರು ಕಂಡಿಯೂ ಬಂದ್. ಒಲೆ ಉಸಿರಾಡುವುದಾದರೂ ಎಲ್ಲಿಂದ? ಹಾಗಾದರೆ ಆ ಐದು ಟಿಕ್? ಆ ಹಾರ್ಟ್??

"ರೀ, ಇದೇನ್ರೀ?" (ಕೋಪ ಬಂದರೆ ನನಗೆ ಮಾತಿನಲ್ಲೂ ಬಹುವಚನ ಬರುತ್ತದೆ.)

"ಅದು... ಎಲ್ಲಾ ಸೇರಿಸಿ ಒಂದ್ಸಲ ತೆಗೆಯೋಣ ಅಂತ... ಟಿಕ್ ನೋಡಿದ್ರೆ ನೀನು ಅಷ್ಟು ಖುಷಿ ಪಡ್ತಿದ್ದೆ ಕಣೇ."

"ಅಕ್ಕ ನಂಗೆ ಹಾಗಂದಾಗ ಗೊತ್ತಿತ್ತಾ?"

"...ಡೌಟ್ ಇತ್ತು."

ಡೌಟಂತೆ ಡೌಟು! ನಾನು ಮಂಗ ಆಗುವಾಗ ಬಾಯಲ್ಲಿ ಬ್ರೆಡ್ ಇಟ್ಟುಕೊಂಡು ಡೌಟ್! ಅವರಿಂದಲೇ ತೆಗೆಸಿದೆ. ಎರಡು ಡಬ್ಬ ಬೂದಿ. ಕಡ್ಡಿಯಿಂದ ಒಂದೊಂದು ಕಂಡಿಯನ್ನೂ ಚುಚ್ಚಿಸಿದೆ. ಸೀನಿದರು, ಮೀಸೆಯೆಲ್ಲ ಬೆಳ್ಳಗಾಯಿತು. ನಗು ಬಂತು... ನಗಲಿಲ್ಲ.

"ನಾಳೆ ಅಕ್ಕ ಬರ್ತಾರಲ್ಲ, ಅವರ ಮುಂದೆ ನೀವೇ ಹೇಳ್ಬೇಕು."

ಮಾರ್ಚ್ 10, ಮಧ್ಯಾಹ್ನ 1.30

ಬೀಸುವುದೇ ಬೇಕಾಗಲಿಲ್ಲ. ಸ್ವಲ್ಪ ಹೊತ್ತಿಗೇ ಕೆಂಡ ನಿಗಿನಿಗಿ! ಅಕ್ಕ ಕೋಳಿಯ ಎರಡನೇ ಕಾಲು ಎತ್ತಿಕೊಂಡು, "ಪರವಾಗಿಲ್ವೇ! ಒಂದೇ ವಾರಕ್ಕೆ ಕೈಗುಣ ಬಂದ್ಬಿಡ್ತು!" ರಾಯರತ್ತ ದುರುಗುಟ್ಟಿ ನೋಡಿದೆ. ಕೆಮ್ಮಿದರು. ನೀರು ಕುಡಿದರು. ಮತ್ತೆ ಕೆಮ್ಮಿದರು. ಎದ್ದು ರೂಮಿಗೆ ಬಂದು ಚಿಲಕ ಹಾಕಿಕೊಂಡೆ. ಇವತ್ತೂ ಹೇಳದಿದ್ದರೆ ಆ ಚಾರ್ಟ್ ಹರಿದು ಅದೇ ಒಲೆಗೆ —

ಇರು. ಬಾಲ್ಕನಿಯಿಂದ ಅಕ್ಕನ ದನಿ.

"ಏನೋ? ಒಂದ್ಸಲಾನೂ ಬೂದಿ ತೆಗೀಲಿಲ್ವಾ? ಪಾಪ, ಆ ಹುಡುಗಿಗೆ ಏನೆಲ್ಲ ಅಂದ್ಬಿಟ್ನಲ್ಲೋ, ಕತ್ತೆ!"

ಹೆಜ್ಜೆ ಸದ್ದು. ಬಾಗಿಲು ತಟ್ಟುತ್ತಿದ್ದಾರೆ. ಅಕ್ಕನೇ. ಮುಖ ಊದಿಸಿಕೊಂಡೇ ತೆಗೆಯಬೇಕು. ನಗಬಾರದು. ನಗಬಾರ—