ರೇನರ್ಸ್ ಲೇನಿನಲ್ಲಿ ಬದುಕಿದ್ದ ತಮ್ಮ

ರೇನರ್ಸ್ ಲೇನ್, ಲಂಡನ್
೧೭ ಆಗಸ್ಟ್ ೨೦೦೦

ಚಿ. ಕು. ಗಾರ್ಗಿಗೆ,

ನಿನ್ನ ದೊಡ್ಡಪ್ಪ ನಾರಾಯಣಸ್ವಾಮಿಯ ಅನೇಕ ಆಶೀರ್ವಾದಗಳು. ಮೇ ತಿಂಗಳಲ್ಲೇ ಬಂದ ನಿನ್ನ ಪತ್ರ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿದೆ. ಹಾಲು ತೆಗೆಯಲು ಹೋದಾಗಲೆಲ್ಲ ತಲೆ ತಗ್ಗಿಸುತ್ತೇನೆ. ನಿನ್ನ ದೊಡ್ಡಮ್ಮ, "ಮಗು ಕೇಳಿರೋದು ಅವಳ ಅಪ್ಪನ ಕಥೆ, ನಿಮ್ಮ ಕಿಡ್ನಿ ಅಲ್ಲ" ಎಂದು ದಿನಕ್ಕೊಮ್ಮೆ ನೆನಪಿಸುತ್ತಾಳೆ. ತಡವಾದದ್ದಕ್ಕೆ ಕ್ಷಮೆ ಇರಲಿ.

ಅಮ್ಮನನ್ನು ಕೇಳಿದರೆ ಎರಡನೆಯ ಮಾತಿಗೇ ಸೆರಗು ಕಣ್ಣಿಗೆ ಹೋಗುತ್ತದೆ, ನೀವಾದರೂ ಬರೆಯಿರಿ ಎಂದಿದ್ದೀಯ. ಪಾಪ, ವೈದೇಹಿಯದು ತಪ್ಪಲ್ಲ. ಕೇಳು.

ನಿನ್ನಪ್ಪ ಶಂಕರ, ನಂಜನಗೂಡಿನ ಲೆಕ್ಕದ ಮೇಷ್ಟರ ಮಗನಾಗಿ ಹುಟ್ಟಿ, ಎಸ್ಸೆಸ್ಸೆಲ್ಸಿಯ ಲೆಕ್ಕದಲ್ಲೇ ಎರಡು ಸಲ ಡುಮ್ಕಿ ಹೊಡೆದು ವಂಶಕ್ಕೆ ಕೀರ್ತಿ ತಂದ ಮಹಾನುಭಾವ. ಮೂರನೆಯ ಸಲ ಪರೀಕ್ಷೆಗೆಂದು ಮೊಸರನ್ನ ಕಟ್ಟಿಸಿಕೊಂಡು ಹೊರಟವನು ನೇರವಾಗಿ ಬೆಂಗಳೂರಿಗೆ ಹೋಗಿ ಸೈನ್ಯ ಸೇರಿದ. ಅಲ್ಲಿ ಲಾರಿ ಡ್ರೈವರ್ ಆದ. ಶ್ರೀಲಂಕಾದ ಅಂತರ್ಯುದ್ಧದಲ್ಲಿ ಶಾಂತಿ ಕಾಪಾಡಲೆಂದು ೮೭ರಲ್ಲಿ ನಮ್ಮ ಸೈನ್ಯ ಹೋಯಿತಲ್ಲ, ಅದರ ಜೊತೆ ಇವನೂ ಹೋದ. ಹೋದ ಎರಡೇ ತಿಂಗಳಿಗೆ, ಯಾರನ್ನು ಕಾಯಬೇಕಿತ್ತೋ ಆ ತಮಿಳರ ಹುಡುಗರ ಜೊತೆಗೇ ಕಾಳಗ ಶುರುವಾಯಿತು. "ನಾನು ಶಾಂತಿ ಕಾಪಾಡ್ತಿಲ್ಲ ಅಣ್ಣ, ತೊಗರಿಬೇಳೆ ಕಾಪಾಡ್ತಿದೀನಿ" ಎಂದು ಬರೆದಿದ್ದ. ಅವನ ಲಾರಿಯಲ್ಲಿ ಇರುತ್ತಿದ್ದದ್ದು ರೇಷನ್. ೮೮ರ ಮೇ ತಿಂಗಳಲ್ಲಿ, ಜಾಫ್ನಾದ ಹತ್ತಿರ ರಸ್ತೆಯಲ್ಲಿ ಹೂತಿಟ್ಟಿದ್ದ ಬಾಂಬಿನ ಮೇಲೆ ಆ ಲಾರಿ ಹೋಯಿತು. ನಿನಗಾಗ ಒಂಬತ್ತು ವರ್ಷ.

ಇಷ್ಟನ್ನು ನೀನೂ ಬಲ್ಲೆ. ನಿನಗೆ ಗೊತ್ತಿಲ್ಲದ್ದೊಂದಿದೆ. ನಿನ್ನಪ್ಪ ಆಮೇಲೂ ಒಂಬತ್ತು ವರ್ಷ ಬದುಕಿದ್ದ, ನಮ್ಮ ಬೀದಿ ತುದಿಯ ತರಕಾರಿ ಅಂಗಡಿಯಲ್ಲಿ.

ಅಂಗಡಿ ತಿಲ್ಲೈನಾಥನ್ ಅವರದು, ಜಾಫ್ನಾದವರು. ಗುರುತಾದ ಹೊಸದರಲ್ಲಿ, ೯೧ರಲ್ಲಿ, ನಾನು ನುಗ್ಗೆಕಾಯಿ ಆರಿಸುತ್ತಿದ್ದಾಗ ಅವರು ತಮ್ಮ ಹಿರಿಯ ಮಗನ ವಿಷಯ ಹೇಳಿದರು. ಹದಿನೇಳು ವರ್ಷದ ಹುಡುಗ, ಸೀಮೆಎಣ್ಣೆ ತರಲು ಹೋದವನು ನಮ್ಮ ಸೈನ್ಯದ ಶೆಲ್ಲಿಗೆ ಸಿಕ್ಕಿ ಸತ್ತನಂತೆ. ಹೇಳಿ ಕಣ್ಣೊರೆಸಿಕೊಂಡು, ನಿಮಗೆ ಅಣ್ಣತಮ್ಮಂದಿರು ಎಷ್ಟು ಜನ ಎಂದು ಕೇಳಿದರು. ಒಬ್ಬ ತಮ್ಮ, ಹಾಸನದಲ್ಲಿ ಬ್ಯಾಂಕಿನಲ್ಲಿದ್ದಾನೆ ಎಂದುಬಿಟ್ಟೆ.

ನಮ್ಮ ಕಡೆಯ ಜನರ ಮರ್ಯಾದೆ ನಿನಗೆ ಗೊತ್ತಲ್ಲ. ಒಮ್ಮೆ ಗುರುತಾಯಿತೆಂದರೆ ಮನೆಮಂದಿಯ ಕ್ಷೇಮವನ್ನು ಒಬ್ಬೊಬ್ಬರ ಹೆಸರು ಹಿಡಿದು ವಿಚಾರಿಸದೆ ಕರಿಬೇವು ಕೈಗೆ ಬರುವುದಿಲ್ಲ. ಶನಿವಾರಕ್ಕೊಮ್ಮೆ ತಮ್ಮ ಹೇಗಿದ್ದಾರೆ ಎಂದು ಕೇಳುವರು. ಚೆನ್ನಾಗಿದ್ದಾನೆ ಎಂದು ಎಷ್ಟು ಸಲ ಹೇಳಲಿ? ಅವನಿಗೆ ಪ್ರಮೋಷನ್ ಕೊಡಿಸಿದೆ. ದಾವಣಗೆರೆಗೆ ವರ್ಗ ಮಾಡಿಸಿದೆ. ತಲೆ ಬೋಳಾಗಿಸಿದೆ. ಮೊಣಕಾಲು ನೋವು ಬರಿಸಿದೆ. ನೀನು ಕಾಲೇಜು ಸೇರಿದಾಗ ಅವನ ಹೆಸರಿನಲ್ಲಿ ನಾನೇ ಅಂಗಡಿಗೆ ಮೈಸೂರುಪಾಕು ಒಯ್ದು ಕೊಟ್ಟೆ. ನಿಜ ಹೇಳುತ್ತೇನೆ ಮಗು, ಮನೆಯಲ್ಲಿ ಈರುಳ್ಳಿ ಇದ್ದರೂ ಹೋಗುತ್ತಿದ್ದೆ. ಅವನು ಬದುಕಿದ್ದ ಜಾಗ ಈ ಊರಿನಲ್ಲಿ ಅದೊಂದೇ.

ಈಗ ನೀನು ಓದಲು ಬರುತ್ತಿದ್ದೀಯ. ಅಂಗಡಿಗೆ ಹೋಗದೆ ಇರುವುದಿಲ್ಲ. ಅಪ್ಪ ದಾವಣಗೆರೆಯಲ್ಲಿ ಮ್ಯಾನೇಜರು ಎಂದು ನಿನ್ನ ಬಾಯಲ್ಲಿ ಹೇಳಿಸಲು ನನಗೆ ಮನಸ್ಸು ಬರಲಿಲ್ಲ. ಹೋದ ಶನಿವಾರ ಹೋಗಿ ಎಲ್ಲ ಹೇಳಿದೆ.

ತಿಲ್ಲೈನಾಥನ್ ಬಹಳ ಹೊತ್ತು ಹಾಗಲಕಾಯಿಗಳನ್ನು ಸಾಲಾಗಿ ಜೋಡಿಸುತ್ತ ನಿಂತರು. ಆಮೇಲೆ, "ಹಾಗಾದರೆ ಆ ಮೊಣಕಾಲು ನೋವು?" ಎಂದು ಕೇಳಿದರು.

"ಅದು ನನ್ನದು" ಎಂದೆ.

ಅವರು ಒಳಗೆ ಹೋಗಿಬಿಟ್ಟರು. ನಾನು ಬಾಗಿಲ ಹತ್ತಿರ ಬಂದಾಗ ತಿರುಗಿ ಬಂದು, "ಡಾಕ್ಟರ್ ಐಯಾ, ಆ ಹುಡುಗಿ ಬರುವ ದಿನ ಮೊದಲೇ ಹೇಳಿ. ಅವತ್ತು ನಾನು ಅಂಗಡಿಯಲ್ಲಿ ಇರಬೇಕೋ ಬೇಡವೋ ಯೋಚನೆ ಮಾಡಬೇಕು" ಎಂದರು. ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬರುವಾಗ ದಪ್ಪ ಸ್ವೆಟರ್ ತಾ. ಸಾರಿನಪುಡಿ ತರಬೇಡ, ಇಲ್ಲಿ ಎರಡು ವರ್ಷಕ್ಕಾಗುವಷ್ಟಿದೆ. ವೈದೇಹಿಗೆ ನನ್ನ ನಮಸ್ಕಾರ ತಿಳಿಸು. ಓದಿ ದೊಡ್ಡವಳಾಗು, ನೂರು ವರ್ಷ ಸುಖವಾಗಿರು.

ಇಂತು ನಿನ್ನ
ದೊಡ್ಡಪ್ಪ

ಮ.ವಿ.: ಮೇಲಿನದನ್ನು ಬರೆದು ಕವರಿಗೆ ಹಾಕಿದ ಮೇಲೆ ಮತ್ತೆ ತೆಗೆದಿದ್ದೇನೆ. ಆ ೮೮ರ ಏಪ್ರಿಲ್‌ನಲ್ಲಿ ಶಂಕರ ರಜೆಗೆ ಬಂದಿದ್ದ, ನಾನೂ ಊರಿಗೆ ಬಂದಿದ್ದೆ. ಅವನು ಹೊರಡುವ ದಿನ ಬೆಳಿಗ್ಗೆ ನಾನು ಶೇವ್ ಮಾಡಿಕೊಳ್ಳುತ್ತಿದ್ದೆ. ಪಕ್ಕಕ್ಕೆ ಬಂದು ನಿಂತು, "ಅಣ್ಣ, ಅಮ್ಮನಿಗೆ ಹಾರ್ಟ್ ತೊಂದ್ರೆ ಅಂತ ಒಂದು ಸರ್ಟಿಫಿಕೇಟ್ ಬರ್ಕೊಡು. ಒಂದು ತಿಂಗಳು ರಜೆ ಜಾಸ್ತಿ ಕೊಡ್ತಾರೆ. ಆ ರಸ್ತೆಗೆ ವಾಪಸ್ಸು ಹೋಗೋಕೆ ಭಯ ಆಗ್ತಿದೆ" ಅಂದ. ಸಿಪಾಯಿಗಳೆಲ್ಲ ಮಾಡುತ್ತಿದ್ದದ್ದೇ, ದೊಡ್ಡ ವಿಷಯವಲ್ಲ. ನಾನು, "ಎಪ್ಪತ್ತು ವರ್ಷಕ್ಕೂ ನಿನಗೆ ದೋಸೆಹಿಟ್ಟು ರುಬ್ಬಿ ಹಾಕೋಳಿಗೆ ಹಾರ್ಟ್ ತೊಂದ್ರೆ ಅಂತ ಬರೆದ್ರೆ ನನ್ನ ಡಿಗ್ರಿ ನಗುತ್ತೆ ಕಣೋ" ಅಂದೆ. ಅವನೂ ನಕ್ಕ. ನನ್ನ ಕಿವಿಯ ಹಿಂದೆ ಉಳಿದಿದ್ದ ಸೋಪನ್ನು ಬೆರಳಿನಿಂದ ಒರೆಸಿ, "ಹೋಗ್ಲಿ ಬಿಡು" ಅಂದ. ಹತ್ತೊಂಬತ್ತನೆಯ ದಿನ ಟೆಲಿಗ್ರಾಂ ಬಂತು.

ಇದು ನಿನ್ನಮ್ಮನಿಗೆ ಗೊತ್ತಿಲ್ಲ. ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಇದನ್ನು ಓದಿದ ಮೇಲೂ ನಮ್ಮ ಮನೆಯಲ್ಲೇ ಇರುವ ಮನಸ್ಸಿದ್ದರೆ ಒಂದು ಸಾಲು ಬರೆ. ಏರ್‌ಪೋರ್ಟಿಗೆ ನಾನೇ ಬರುತ್ತೇನೆ. ಇಲ್ಲದಿದ್ದರೆ ನಿನ್ನ ದೊಡ್ಡಮ್ಮ ಬರುತ್ತಾಳೆ, ನಾನು ಕಾರಿನಲ್ಲೇ ಕೂತಿರುತ್ತೇನೆ.