ಕುಂಬಳಕಾಯಿಗೆ ಎರಡೂವರೆ ನಿಮಿಷ, ನನ್ನ ತಮ್ಮನಿಗೆ ಕತ್ತರಿ

ಜರ್ಮನಿಯ ಸಾರ್ವಜನಿಕ ದೂರದರ್ಶನ ಸಂಸ್ಥೆಯೊಂದರ ಪ್ರಾದೇಶಿಕ ಸುದ್ದಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ತಮ್ಮನನ್ನು ನೀವು ಒಂದು ನಿಮಿಷ ಐವತ್ತು ಸೆಕೆಂಡಿನಲ್ಲಿ ಕೃತಘ್ನನನ್ನಾಗಿ ಮಾಡಿದಿರಿ. ಕಳೆದ ನವೆಂಬರಿನಲ್ಲಿ, ಸಂಜೆ ಏಳೂವರೆಯ ನಿಮ್ಮ ಜಿಲ್ಲಾ ಸುದ್ದಿಯಲ್ಲಿ, ಹವಾಮಾನಕ್ಕೆ ತುಸು ಮೊದಲು ಈ ಕಾರ್ಯ ಸಾಂಗವಾಗಿ ನೆರವೇರಿತು. ಸಾಲದ್ದಕ್ಕೆ ವರದಿಯ ಕೊನೆಯಲ್ಲಿ 'ಅನುವಾದ' ಎಂದು ಬರೆದು ನನ್ನ ಹೆಸರನ್ನೂ ತೋರಿಸಿದಿರಿ. ತಮ್ಮನ ಮಾನ ತೆಗೆಯಲು ಅಕ್ಕನ ಸಹಿ! ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನಮ್ಮ ಶತ್ರುಗಳೂ ಮಾಡಿರಲಿಲ್ಲ.

ನನ್ನ ಪರಿಚಯ ನಿಮಗಿರಲಾರದು. ನಾನು ಧಾರವಾಡದವಳು, ಇಪ್ಪತ್ತು ವರ್ಷಗಳಿಂದ ಪುಣೆಯಲ್ಲಿದ್ದೇನೆ, ಹೊಟ್ಟೆಪಾಡಿಗೆ ಜರ್ಮನ್ ಕಲಿಸುತ್ತೇನೆ, ಕರೆದರೆ ದುಭಾಷಿಯಾಗಿ ಹೋಗುತ್ತೇನೆ. ತಮ್ಮ ಚನ್ನವೀರ ಇಲ್ಲಿಯೇ ಭೋಸರಿಯ ಒಂದು ಕಾರ್ಖಾನೆಯಲ್ಲಿ, ಲೋಹ ಉಜ್ಜಿ ಅಳತೆಗೆ ತರುವ ಗ್ರೈಂಡಿಂಗ್ ಮಷಿನ್ ನಡೆಸುತ್ತಿದ್ದ. ೨೦೦೨ರಲ್ಲಿ ಆ ಕಂಪನಿ ಅವನನ್ನು ಹನ್ನೊಂದು ವಾರ ತರಬೇತಿಗೆಂದು ನಿಮ್ಮ ಪ್ರಾಂತದ ಒಂದು ಸಣ್ಣ ಊರಿಗೆ ಕಳಿಸಿತ್ತು. ಅಲ್ಲಿ ಅವನಿಗೆ ಕೆಲಸ ಕಲಿಸಿದವರು ಬ್ರೆಂಕೆ ಎಂಬ ಹಿರಿಯ ಫಿಟ್ಟರ್. ಚನ್ನವೀರ ಇಂದಿಗೂ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಮಾಸ್ತರು' ಎನ್ನುತ್ತಾನೆ. ಹೋಟೆಲಿನ ಊಟ ಸೇರದೆ ಸೊರಗಿದ್ದವನನ್ನು ಆ ಮನುಷ್ಯ ತನ್ನ ಮನೆಗೆ ಕರೆದೊಯ್ದು, ಹೆಂಡತಿಯ ಕೈಯಿಂದ ಮಾಂಸವಿಲ್ಲದ ಅಡಿಗೆ ಮಾಡಿಸಿ ಉಣ್ಣಿಸಿದರು. ಪ್ರತಿ ಸಂಜೆ ಏಳೂವರೆಗೆ ಟಿವಿ ಮುಂದೆ ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಸುದ್ದಿ ತೋರಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಹೌದು ಸ್ವಾಮಿ, ನನ್ನ ತಮ್ಮನಿಗೆ ಬರುವ ಅಷ್ಟಿಷ್ಟು ಜರ್ಮನ್ ನಾನು ಕಲಿಸಿದ್ದಲ್ಲ, ನಿಮ್ಮ ಕಾರ್ಯಕ್ರಮ ಕಲಿಸಿದ್ದು. ಯಾವ ಊರಿನ ಅಗ್ನಿಶಾಮಕ ದಳಕ್ಕೆ ನೂರು ವರ್ಷವಾಯಿತು, ಯಾವ ರಸ್ತೆ ಅಗೆದಿದ್ದಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು.

ಎರಡು ವರ್ಷ ಕಳೆದ ಮೇಲೆ ಆ ಊರಿನ ಕಾರ್ಖಾನೆ ತನ್ನ ಗ್ರೈಂಡಿಂಗ್ ವಿಭಾಗ ಮುಚ್ಚಿತು. ಬ್ರೆಂಕೆ ಕೆಲಸ ಮಾಡುತ್ತಿದ್ದ ಮಷಿನನ್ನೇ ಬಿಚ್ಚಿ, ಪೆಟ್ಟಿಗೆಗೆ ತುಂಬಿ, ಹಡಗಿನಲ್ಲಿ ಭೋಸರಿಗೆ ಕಳಿಸಿತು. ಹಿಂದೆಯೇ ನಿಮ್ಮ ತಂಡವೂ ಬಂತು: ಒಬ್ಬ ವರದಿಗಾರ, ಒಬ್ಬ ಕ್ಯಾಮೆರಾದವ, ಒಬ್ಬ ಧ್ವನಿಯವ. ಪುಣೆಯ ವಿಮಾನ ನಗರ ಬಡಾವಣೆಯ ಹೋಟೆಲಿನಿಂದ ನಾಲ್ಕು ದಿನ ಅವರನ್ನು ನಾನೇ ತಿರುಗಾಡಿಸಿದೆ. ಮೈಕಿನ ಮೇಲೆ ನಿಮ್ಮ ಸಂಸ್ಥೆಯ ಗುರುತು ಕಂಡ ಕೂಡಲೇ ಚನ್ನವೀರ ಚಿಕ್ಕ ಹುಡುಗನ ಹಾಗೆ ಕುಣಿದ. "ಅಕ್ಕಾ, ಇದು ಮಾಸ್ತರ ಮನ್ಯಾಗ ದಿನಾ ನೋಡ್ತಿದ್ದ ಕಾರ್ಯಕ್ರಮ! ಇದರಾಗ ನಾ ಮಾತಾಡಿದ್ರ ಅವರು ನೋಡೇ ನೋಡ್ತಾರ!"

ನಿಮ್ಮ ತಂಡ ಕಾರ್ಖಾನೆಗೆ ಬಂದದ್ದು ದಸರೆಯ ಖಂಡೆ ಪೂಜೆಯ ದಿನ. ಅಂದು ನಾವು ಕೆಲಸದ ಸಲಕರಣೆಗಳನ್ನು ತೊಳೆದು ಪೂಜಿಸುತ್ತೇವೆ. ಕಾರ್ಖಾನೆಯಲ್ಲಿ ಆ ದಿನ ಮನೆಮಂದಿಗೆಲ್ಲ ಕರೆ ಇರುತ್ತದೆ. ನಮ್ಮವ್ವ ರುದ್ರವ್ವ ಹೊಸದಾಗಿ ಬಂದ ಮಷಿನಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಕಾಯಿ ಒಡೆಸಿದಳು. ಆಮೇಲೆ ತಟ್ಟೆ ಹಿಡಿದು ಸೀದಾ ನಿಮ್ಮ ಕ್ಯಾಮೆರಾದವನ ಕಡೆ ನಡೆದಳು. ನಾನು ತಡೆದೆ. "ಯಾಕ ಬ್ಯಾಡ? ಇದೂ ಅವನ ಹೊಟ್ಟಿ ತುಂಬಸೂ ಆಯುಧ ಹೌದೋ ಅಲ್ಲೋ? ನಮ್ಮ ಮಷಿನಿಗೆ ಪೂಜಿ ಮಾಡಿ, ಬಂದ ಅತಿಥಿಯ ಮಷಿನ್ ಹಂಗ ಬಿಟ್ರ ಛಲೋ ಕಾಣಸ್ತದೇನು?" ಎಂದು ನನ್ನನ್ನೇ ಗದರಿಸಿ, ಕ್ಯಾಮೆರಾದ ಮೇಲೆ ಮೂರು ಬೆರಳು ವಿಭೂತಿ ಎಳೆದೇಬಿಟ್ಟಳು. ಆ ಮನುಷ್ಯ "ಲೆನ್ಸ್! ಲೆನ್ಸ್!" ಎಂದು ಚೀರುತ್ತ ಹಿಂದಕ್ಕೆ ಸರಿದು ಕಾಯಿನೀರಿನಲ್ಲಿ ಜಾರಿ, ಕ್ಯಾಮೆರಾ ಮಾತ್ರ ಮೇಲೆತ್ತಿ ಹಿಡಿದು ಕೂತುಬಿಟ್ಟ. ಇಡೀ ಶೆಡ್ಡು ನಕ್ಕಿತು, ಬಿದ್ದವನೂ ನಕ್ಕ. ಬಾಯ್ತುಂಬ ಪೇಡೆ ಇಟ್ಟುಕೊಂಡಿದ್ದ ಚನ್ನವೀರ ಎಲ್ಲರಿಗಿಂತ ಹೆಚ್ಚು ನಕ್ಕ. ಕ್ಯಾಮೆರಾ ಚಾಲೂ ಇತ್ತು, ಅವನ ಕಡೆಗೇ ತಿರುಗಿತ್ತು.

ಆಮೇಲೆ ನಿಮ್ಮ ವರದಿಗಾರ ಕೇಳಿದ: ಈ ಮಷಿನ್ ಬಂದದ್ದಕ್ಕೆ ನಿಮಗೆ ಹೇಗನಿಸುತ್ತಿದೆ? ನಿಮ್ಮ ಭಾಷೆಯಲ್ಲೇ ಹೇಳಿ, ಮನಸ್ಸು ಬಿಚ್ಚಿ ಹೇಳಿ. ಚನ್ನವೀರ ಬಾಯಿ ಒರೆಸಿಕೊಂಡ. ವರದಿಗಾರನ ಕಡೆ ನೋಡಲಿಲ್ಲ, ಕ್ಯಾಮೆರಾಕ್ಕೆ ಕೈ ಮುಗಿದ.

"ಬ್ರೆಂಕೆ ಮಾಸ್ತರ, ನಮಸ್ಕಾರ್ರಿ. ಮಷಿನ್ ನಮ್ಮ ಕಡೆ ಬಂತು, ನಿಮ್ಮ ಕೆಲಸ ಹೋತು ಅಂತ ಹ್ವಾದ ವಾರ ತಿಳೀತ್ರಿ. ಹಿಂಗಾಗ್ತದಂತ ಕಲಸೂ ಮುಂದ ನಿಮಗ ಗೊತ್ತಿರಲಿಲ್ಲ, ಕಲಿಯೂ ಮುಂದ ನನಗ ಗೊತ್ತಿರಲಿಲ್ಲ. ನಿಮ್ಮ ಅನ್ನ ಕಸಗೊಂಡೆ ಅಂತ ಮಾತ್ರ ತಿಳೀಬ್ಯಾಡ್ರಿ. ಇವತ್ತ ಪೂಜಿಯೊಳಗ ದೇವರಕಿಂತ ಮೊದಲ ನಿಮ್ಮ ಹೆಸರ ತಗೊಂಡೇನಿ. ನನ್ನಿಂದ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ."

ಇಷ್ಟಕ್ಕೆ ನಿಲ್ಲಲಿಲ್ಲ. ನಾವು ರೇಡಿಯೋದ ಕೋರಿಕೆ ಕಾರ್ಯಕ್ರಮ ಕೇಳಿ ಬೆಳೆದ ಮಂದಿ. ಅದರಲ್ಲಿ ಹಾಡಿಗೆ ಮೊದಲು ಕೇಳುಗರ ಹೆಸರುಗಳನ್ನು ಒಬ್ಬರನ್ನೂ ಬಿಡದೆ ಓದುತ್ತಾರೆ. ಟಿವಿಯಲ್ಲೂ ಹಾಗೇ ಎಂದುಕೊಂಡ ನನ್ನ ತಮ್ಮ, ಆ ವಿಭಾಗದ ಇನ್ನೂ ಆರು ಜನ ಫಿಟ್ಟರುಗಳ ಹೆಸರು ಒಂದೊಂದಾಗಿ ಹೇಳಿ, ಅವರೆಲ್ಲರಿಗೂ ನಮಸ್ಕಾರ ತಿಳಿಸಿ, ಬಗ್ಗಿ ನೆಲ ಮುಟ್ಟಿದ. ಒಟ್ಟು ನಲವತ್ತು ಸೆಕೆಂಡು. ನಾನು ಅಲ್ಲೇ ಜರ್ಮನ್‌ನಲ್ಲಿ ಹೇಳಿದ್ದನ್ನು ಕೇಳಿ ನಿಮ್ಮ ವರದಿಗಾರ ಎದೆ ಮೇಲೆ ಕೈಯಿಟ್ಟುಕೊಂಡು "ಮನಸ್ಸು ತುಂಬಿ ಬಂತು" ಎಂದ. ಅಷ್ಟನ್ನೂ ಒಂದಕ್ಷರ ಬಿಡದೆ ಅನುವಾದಿಸಿ, ಪ್ರತಿ ಸಾಲಿಗೂ ಸಮಯ ಬರೆದು ಅವನ ಕೈಗೆ ಕೊಟ್ಟವಳು ನಾನು.

"ಪೂರಾ ಹಾಕ್ತಾರೇನ ಅಕ್ಕಾ?" ಎಂದು ತಮ್ಮ ಕೇಳಿದ.

"ಹಾಕದ ಏನು ಮಾಡ್ತಾರ? ಇದು ಮಂದಿ ರೊಕ್ಕದಾಗ ನಡಿಯೂ ಸಂಸ್ಥಾ. ಸುಳ್ಳ ಹೇಳಿ ಗಿರಾಕಿ ಹಿಡಿಯೂ ಜರೂರ ಅವರಿಗಿಲ್ಲ" ಎಂದೆ. ಈ ಮಾತು ನೆನಪಾದಾಗಲೆಲ್ಲ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಪ್ರಸಾರವಾದ ಸಂಚಿಕೆಯನ್ನು ಸಿಡಿಯಲ್ಲಿ ತುಂಬಿ, ಧನ್ಯವಾದದ ಚೀಟಿಯೊಂದಿಗೆ ನೀವೇ ಕಳಿಸಿದಿರಿ. ಅವ್ವ ನೆರೆಯವರನ್ನೆಲ್ಲ ಕರೆದು, ಚಹಾ ಕೊಟ್ಟು, ಕೂರಿಸಿದಳು. ಮೊದಲು ನಿಮ್ಮ ಊರಿನ ಮುಚ್ಚಿದ ಗೇಟು. ಅದರ ಮುಂದೆ ತಲೆ ತಗ್ಗಿಸಿ ನಿಂತ ಇಬ್ಬರು ಕೆಲಸಗಾರರು. ಆಮೇಲೆ ಕುಂಕುಮ ಹಚ್ಚಿದ ಮಷಿನ್. ಆಮೇಲೆ ಬಾಯ್ತುಂಬ ಪೇಡೆ ಇಟ್ಟುಕೊಂಡು, ಹೊಟ್ಟೆ ಹಿಡಿದುಕೊಂಡು ನಗುತ್ತಿರುವ ನನ್ನ ತಮ್ಮ. ಅದರ ಮೇಲೆ ನಿಮ್ಮ ವರದಿಗಾರನ ಗಂಭೀರ ಧ್ವನಿ: ಇಲ್ಲಿ ಕಣ್ಣೀರು, ಅಲ್ಲಿ ಹಬ್ಬ. ಮುಗಿಯಿತು. ಹವಾಮಾನ ಬಂತು. ನೆರೆಯವರಿಗೆ ಜರ್ಮನ್ ತಿಳಿಯದ ಕಾರಣ ಚಪ್ಪಾಳೆ ತಟ್ಟಿದರು. ಚನ್ನವೀರನಿಗೆ ತಿಳಿಯಿತು. ಎದ್ದು ಹೊರಗೆ ಹೋದ.

ಹದಿನೈದು ದಿನಕ್ಕೆ ಬ್ರೆಂಕೆಯವರ ಕಾರ್ಡು ಬಂತು. ಎರಡೇ ಸಾಲು. "ಹಬ್ಬ ಚೆನ್ನಾಗಿ ಆದಂತೆ ಕಾಣುತ್ತದೆ. ಇನ್ನು ಮುಂದೆ ನನಗೆ ಬರೆಯಬೇಡ." ಚನ್ನವೀರ ಮೂರು ಕಾಗದ ಬರೆದ, ಮೂರೂ ಒಡೆಯದೆ ವಾಪಸು ಬಂದವು. ಫೋನು ಮಾಡಿದರೆ ಇವನ ಧ್ವನಿ ಕೇಳುತ್ತಲೇ ಇಟ್ಟುಬಿಡುತ್ತಾರೆ. ಈಗ ಅವನು ಆ ಮಷಿನ್ ಬಿಟ್ಟು ಪ್ಯಾಕಿಂಗ್ ವಿಭಾಗಕ್ಕೆ ಹಾಕಿಸಿಕೊಂಡಿದ್ದಾನೆ. "ಅದರ ಮುಂದ ನಿಂತ್ರ ಮಾಸ್ತರ ಕಾರ್ಡ ನೆನಪಾಗ್ತದ ಅಕ್ಕಾ" ಎನ್ನುತ್ತಾನೆ. ಕೂದಲೆಳೆಯಷ್ಟು ಅಳತೆ ತಪ್ಪದ ಕೈ ಈಗ ಪೆಟ್ಟಿಗೆಗೆ ಪಟ್ಟಿ ಅಂಟಿಸುತ್ತದೆ. ಅವ್ವನದು ಬೇರೆಯೇ ಗೋಳು, ತಾನು ಕ್ಯಾಮೆರಾಕ್ಕೆ ವಿಭೂತಿ ಹಚ್ಚದಿದ್ದರೆ ಮಗ ನಗುತ್ತಲೇ ಇರಲಿಲ್ಲವಲ್ಲ ಎಂದು.

ನಿಮ್ಮ ಕಚೇರಿಗೆ ನಾನು ಶುದ್ಧ ಜರ್ಮನ್‌ನಲ್ಲಿ ಮೂರು ಸಲ ಬರೆದೆ. ಬಂದದ್ದು ಒಂದೇ ಉತ್ತರ: "ಕಾಲಾವಕಾಶದ ಅಭಾವದಿಂದ ಸಂಕ್ಷಿಪ್ತಗೊಳಿಸುವುದು ಅನಿವಾರ್ಯವಾಯಿತು. ನಿಮ್ಮ ಆಸಕ್ತಿಗೆ ವಂದನೆಗಳು." ಆಸಕ್ತಿಯಂತೆ! ಮಾನ್ಯರೇ, ನೀವು ಕಳಿಸಿದ ಸಿಡಿಯಲ್ಲಿ ಆ ಸಂಜೆಯ ಅರ್ಧ ಗಂಟೆಯ ಸುದ್ದಿ ಪೂರ್ತಿ ಇದೆ ಎಂಬುದನ್ನು ಮರೆತಿರಾ? ನಾನು ಗಡಿಯಾರ ಹಿಡಿದು ನೋಡಿದ್ದೇನೆ. ಅದೇ ಸಂಜೆ ಒಬ್ಬ ರೈತನ ಹಿತ್ತಿಲಲ್ಲಿ ಬೆಳೆದ ದೊಡ್ಡ ಕುಂಬಳಕಾಯಿಗೆ ಎರಡೂವರೆ ನಿಮಿಷ ಕೊಟ್ಟಿದ್ದೀರಿ. ಅದನ್ನು ತೂಗಿದಿರಿ, ಸುತ್ತಳತೆ ತೆಗೆದಿರಿ, ಅದರ ಒಡೆಯನ ಹೆಂಡತಿಯ ಅಭಿಪ್ರಾಯ ಕೇಳಿದಿರಿ. ಕಾಯಿಗೆ ಇದ್ದ ಕಾಲಾವಕಾಶ ಒಬ್ಬ ಮನುಷ್ಯನ ಕ್ಷಮಾಪಣೆಗೆ ಇರಲಿಲ್ಲವೇ? ಅಥವಾ ಕ್ಷಮೆ ಕೇಳುವ ಹಿಂದೂಸ್ತಾನಿ ನಿಮ್ಮ ವರದಿಗೆ ಹೊಂದುತ್ತಿರಲಿಲ್ಲವೇ? ವಿಭಾಗ ಮುಚ್ಚಿದ ಸಾಹೇಬರ ಮುಖ ನಿಮ್ಮ ವರದಿಯಲ್ಲಿ ಒಂದು ಸೆಕೆಂಡೂ ಇಲ್ಲವಲ್ಲ, ಅವರು ಆ ದಿನ ಎಲ್ಲಿಗೆ ಹೋಗಿದ್ದರು? ಸಿಟ್ಟು ತೀರಿಸಿಕೊಳ್ಳಲು ನಿಮ್ಮ ಊರಿಗೆ ಒಂದು ಮುಖ ಬೇಕಿತ್ತು. ನನ್ನ ತಮ್ಮನ ಮುಖ ಪುಕ್ಕಟೆ ಸಿಕ್ಕಿತು.

ಚನ್ನವೀರ ಹೇಳುತ್ತಾನೆ: "ಬಿಡು ಅಕ್ಕಾ, ಅವರದೂ ಹೊಟ್ಟಿಪಾಡು." ಅವನು ಒಳ್ಳೆಯವನು, ಬಿಟ್ಟಾನು. ನಾನು ಬಿಡುವವಳಲ್ಲ. ನನಗೆ ಬೇಕಾದದ್ದು ಸೇಡು, ಅದನ್ನು ಮುಚ್ಚಿಡುವ ಸಂಕೋಚ ನನಗಿಲ್ಲ. ನಿಮ್ಮ ಮನೆಯಲ್ಲಿ ಸಂಕಟದ ದಿನ ಬರಲಿ, ಆ ದಿನ ಯಾವುದೋ ಮಗುವಿನ ಚೇಷ್ಟೆಗೆ ನೀವೊಮ್ಮೆ ನಗಿರಿ, ಅದನ್ನೇ ಯಾರಾದರೂ ಹಿಡಿದು ನಿಮ್ಮ ಗುರುಗಳಿಗೆ ತೋರಿಸಲಿ ಎಂದು ಹಾರೈಸುತ್ತೇನೆ. ಹಾರೈಕೆಯಿಂದ ಕೆಲಸವಾಗುವುದಿಲ್ಲ ಎಂಬುದೂ ಗೊತ್ತಿದೆ. ಆದ್ದರಿಂದ, ಫೆಬ್ರವರಿಯಲ್ಲಿ ಮತ್ತೊಂದು ತಂಡ ಬರುತ್ತದೆ, ದುಭಾಷಿಯಾಗಿ ಬನ್ನಿ ಎಂದು ನಿಮ್ಮವರು ಬರೆದಾಗ ಒಲ್ಲೆ ಎಂದೆ. ಪುಣೆಯಲ್ಲಿ ಈ ಕೆಲಸ ಮಾಡುವ ಒಂಬತ್ತು ಜನರನ್ನೂ ಮನೆಗೆ ಕರೆದು ಆ ಸಿಡಿ ತೋರಿಸಿದೆ. ಒಂಬತ್ತೂ ಜನ ಒಲ್ಲೆ ಎಂದಿದ್ದಾರೆ. ನಿಮ್ಮ ತಂಡ ಬರಲಿ, ಕೈಸನ್ನೆ ಬಾಯಿಸನ್ನೆಯಲ್ಲಿ ಸುದ್ದಿ ಸಂಗ್ರಹಿಸಲಿ.

ನನ್ನ ಬೇಡಿಕೆ ಒಂದೇ. ಕತ್ತರಿಸಿದ ಆ ನಲವತ್ತು ಸೆಕೆಂಡನ್ನು, ಏಳು ಹೆಸರುಗಳ ಸಮೇತ, ಅದೇ ಏಳೂವರೆಯ ಸುದ್ದಿಯಲ್ಲಿ ತೋರಿಸಿರಿ. ನನ್ನ ತಮ್ಮ ಯಾತಕ್ಕೆ ನಕ್ಕ ಎಂಬುದನ್ನೂ ಹೇಳಿರಿ. ಕಾಗದ ಒಡೆಯದ, ಫೋನು ಇಟ್ಟುಬಿಡುವ ಆ ಹಿರಿಯರು ನಿಮ್ಮ ಕಾರ್ಯಕ್ರಮವನ್ನು ಮಾತ್ರ ಈಗಲೂ ತಪ್ಪದೆ ನೋಡುತ್ತಾರಂತೆ. ಅವರ ಮನೆಯೊಳಗೆ ಹೋಗಲು ನಮಗೆ ಉಳಿದಿರುವ ಬಾಗಿಲು ಅದೊಂದೇ, ಅದರ ಕೀಲಿ ನಿಮ್ಮ ಕೈಯಲ್ಲಿದೆ. ಅವರಿಗೆ ಅರವತ್ತೊಂದು ವರ್ಷ, ಹೃದಯದ ಕಾಯಿಲೆಯಿದೆ. ಸಾವಕಾಶವಾಗಿ ಪರಿಶೀಲಿಸುತ್ತೇವೆ ಎನ್ನುವವರಿಗೆ ಇದು ಗೊತ್ತಿರಲಿ.

ಈ ಪತ್ರವನ್ನು ಬೇಕೆಂದೇ ಕನ್ನಡದಲ್ಲಿ ಬರೆದು, ಇಲ್ಲಿಯ ಕನ್ನಡಿಗರೆಲ್ಲ ಓದುವ ಪತ್ರಿಕೆಗೆ ಕೊಟ್ಟು, ನಿಮಗೂ ಒಂದು ಪ್ರತಿ ಕಳಿಸುತ್ತಿದ್ದೇನೆ. ಇದರಲ್ಲಿ ಏನು ಬರೆದಿದೆ ಎಂದು ತಿಳಿಯಲು ನಿಮಗೆ ಕನ್ನಡವೂ ಜರ್ಮನ್ನೂ ಬಲ್ಲವರು ಬೇಕಾಗುತ್ತಾರೆ. ಪುಣೆಯಲ್ಲಿ ಯಾರನ್ನು ಕೇಳಿದರೂ ನನ್ನ ನಂಬರೇ ಕೊಡುತ್ತಾರೆ. ಕರೆಯಿರಿ, ಈ ಒಂದು ಕೆಲಸಕ್ಕೆ ಖಂಡಿತ ಬರುತ್ತೇನೆ. ನಿಮ್ಮ ಕಚೇರಿಯವರನ್ನೆಲ್ಲ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳುತ್ತೇನೆ, ಮತ್ತು ಒಂದು ಸಾಲನ್ನೂ ಕತ್ತರಿಸುವುದಿಲ್ಲ.

ಇಂತಿ,
ನಾಲ್ಕು ದಿನ ನಿಮ್ಮ ಬಾಯಾಗಿ ದುಡಿದು, ಮನೆಯಲ್ಲಿ ಮುಖ ತೋರಿಸಲಾರದೆ ಕುಳಿತ
ಪಂಕಜಾಕ್ಷಿ
ಪುಣೆ, ಜನವರಿ ೨೦೦೫