ಒಣಗದ ಬಿಲ್ಲು

ಅಳಿಯಂದಿರಿಗೆ, ನಿಮ್ಮ ಅತ್ತೆ ಗಡಿಬಿಡಿಯಲ್ಲಿ ಬರೆಯುವುದು.

ಅಟ್ಟದಲ್ಲಿ ಒಣಗಲು ಇಟ್ಟಿದ್ದ ಬಿಲ್ಲನ್ನು ನೀವು ತಗೊಂಡು ಹೋದಿರಿ ಅಂತ ನಾನು ಮಾರ್ಕೆಟ್ಟಿಂದ ಬಂದಮೇಲೆ ಗೊತ್ತಾಯಿತು. ದಯವಿಟ್ಟು ಅದಕ್ಕೆ ಹೆದೆ ಕಟ್ಟಬೇಡಿ. ಬಿಲ್ಲಿನ ಬೆನ್ನಿಗೆ ನಾರು ಕೂರಿಸಲು ಬಳಿದ ಅಂಟು ಮುಟ್ಟಿದರೆ ಗಟ್ಟಿ, ಒಳಗೆ ಇನ್ನೂ ಹಸಿ. ಮನೆಯೆಲ್ಲ ನಾತ ಹಿಡಿಸಿಕೊಂಡು, ಚರ್ಮದ ಚೂರು ಬೇಯಿಸಿ ಆ ಅಂಟು ಕಾಸಿದವಳು ನಾನು. ಈಗ ಎಳೆದರೆ ಮುರಿದು ಮುಖಕ್ಕೇ ಸಿಡಿಯುತ್ತದೆ.

"ಒಣಗಿಲ್ಲ ಅನ್ನೋಕೆ ಬಾಯಿಗೇನಾಗಿತ್ತು?" ಅಂತ ನಿಮ್ಮ ಮಾವನವರನ್ನು ಕೇಳಿದೆ. "ಅಳಿಯ ಆಸೆಪಟ್ಟು ಕೈಗೆತ್ತಿಕೊಂಡಾಗ ಬೇಡ ಅನ್ನೋದು ಹೇಗೇ?" ಅಂತಾರೆ. ಇವರ ದಾಕ್ಷಿಣ್ಯಕ್ಕಿಷ್ಟು ಬೆಂಕಿ ಹಾಕ! ನೀವಾದರೂ ಒಂದು ಮಾತು ಕೇಳಬಾರದಿತ್ತೇ? ಸಿಟ್ಟಲ್ಲಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಬಿಲ್ಲನ್ನು ಗಾಳಿಯಾಡುವ ಕಡೆ ಮಲಗಿಸಿಡಿ. ಬಿಸಿಲಿಗೆ ಬೇಡ, ಒಲೆ ಹತ್ತಿರವೂ ಬೇಡ.

ಈ ಕಾಗದ ತಲುಪುವಷ್ಟರಲ್ಲಿ ಎಳೆದೇಬಿಟ್ಟಿದ್ದರೆ, ಬಿಲ್ಲು ಹಾಳಾಗಿ ಹೋಗಲಿ, ಇನ್ನೊಂದು ಮಾಡಿದರಾಯಿತು. ಉತ್ತರವನ್ನು ಮಾತ್ರ ನನ್ನ ಮಗಳ ಕೈಲಿ ಬರೆಸಬೇಡಿ. ಎರಡೇ ಸಾಲಾದರೂ ನೀವೇ ಬರೆಯಿರಿ. ನಿಮ್ಮ ಅಕ್ಷರ ಕಂಡರೆ ಕಣ್ಣೂ ಕೈಯೂ ನೆಟ್ಟಗಿವೆ ಅಂತ ತಿಳಿದುಕೊಳ್ಳುತ್ತೇನೆ.

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ಬೇಗ ಓದಿ.

ನಿಮ್ಮ ಅತ್ತೆ